ಅಕ್ಕನ ಗುಳಿಗೆ, ಎಳ್ಳಮಾಸಿಯ ಭಜ್ಜಿ

ನಮ್ಮಕ್ಕನ ಎದೆಯೊಳಗೆ ಲೋಹದ ಕವಾಟವೊಂದಿದೆ. ಸುತ್ತ ಗದ್ದಲವಿಲ್ಲದಾಗ ಅವಳ ಪಕ್ಕ ಕೂತರೆ ಗಡಿಯಾರದಂತೆ ಟಿಕ್ ಟಿಕ್ ಎನ್ನುವುದು ಕೇಳಿಸುತ್ತದೆ. ಕಮಲಾಪುರದಲ್ಲಿ ಅವಳ ಓಣಿಯ ಮಕ್ಕಳು ಅದನ್ನು ಕೇಳಲೆಂದೇ ಬರುತ್ತವೆ. ಅಕ್ಕ ಬಿಟ್ಟಿ ಕೇಳಿಸುವವಳಲ್ಲ. ಮೊದಲು ಅವಳ ಬೆನ್ನು ಕೆರೆಯಬೇಕು, ಆಮೇಲೆ ಕಿವಿ ಹಚ್ಚಬೇಕು.

ಕವಾಟ ಹಾಕಿಸಿದ್ದು ಹೈದರಾಬಾದಿನಲ್ಲಿ, ಬಹಳ ವರ್ಷಗಳ ಹಿಂದೆ. ಅದು ಸರಿಯಾಗಿ ತೆರೆದು ಮುಚ್ಚುತ್ತಿರಬೇಕಾದರೆ ರಕ್ತ ಸ್ವಲ್ಪ ತೆಳುವಾಗಿರಬೇಕು. ಅದಕ್ಕೆ ದಿನಾ ಸಂಜೆ ಒಂದು ಗುಳಿಗೆ, ಸಾಯುವ ತನಕ. ಈ ಗುಳಿಗೆ ಬಹಳ ನಾಜೂಕು. ಹೆಚ್ಚಾದರೂ ಆಗದು, ಕಡಿಮೆಯಾದರೂ ಆಗದು. ಅಂಬಲಿ ಕಾಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗಟ್ಟಿಯಾದರೆ ತಳ ಹಿಡಿಯುತ್ತದೆ, ನೀರಾದರೆ ಬಾಯಿಗೆ ಹತ್ತುವುದಿಲ್ಲ. ಅಕ್ಕನ ರಕ್ತ ಗಟ್ಟಿಯಾದರೆ ಕವಾಟಕ್ಕೆ ಹೆಪ್ಪು ಕಟ್ಟುತ್ತದೆ, ಆ ಹೆಪ್ಪು ಕಳಚಿ ಮೆದುಳಿಗೆ ಹೋದರೆ ಲಕ್ವ. ತೀರ ತೆಳುವಾದರೆ ಒಸಡಿನಿಂದಲೋ ಹೊಟ್ಟೆಯೊಳಗಿಂದಲೋ ರಕ್ತ ಸೋರಲು ಸುರುವಾಗುತ್ತದೆ. ಹದ ಇದೆಯೋ ಇಲ್ಲವೋ ನೋಡಲು ತಿಂಗಳಿಗೊಮ್ಮೆ ಕಲಬುರಗಿಗೆ ಬಂದು ರಕ್ತ ಪರೀಕ್ಷೆ ಮಾಡಿಸಬೇಕು. ಆ ರಿಪೋರ್ಟಿನ ಅಂಕಿ ಎರಡೂವರೆಗೂ ಮೂರೂವರೆಗೂ ನಡುವೆ ಇದ್ದರೆ ಅಕ್ಕ ಆ ತಿಂಗಳು ಪಾಸು.

ನಾನು ಅವಳ ತಂಗಿ. ಕಲಬುರಗಿಯ ದೊಡ್ಡ ದವಾಖಾನೆಯೊಂದರಲ್ಲಿ ನರ್ಸ್ ಆಗಿದ್ದೆ. ನಿವೃತ್ತಿಯಾಗಿ ಎಷ್ಟೋ ವರ್ಷವಾದರೂ ಐವಾನ್-ಎ-ಶಾಹಿ ಬಡಾವಣೆಯ ನಮ್ಮ ಮನೆಯ ಸುತ್ತಮುತ್ತ ನಾನು ಈಗಲೂ ಸಿಸ್ಟರಮ್ಮನೇ. ಯಾರಿಗೆ ಜ್ವರ ಬಂದರೂ ಮೊದಲು ನನ್ನ ಕೈ ಹಣೆಗೆ ಹತ್ತುತ್ತದೆ, ಆಮೇಲೆ ಥರ್ಮಾಮೀಟರು. ಹೋದ ದಸರೆಗೆ ಮೊಮ್ಮಗಳು ಫೋನಿನಲ್ಲಿ ಕನ್ನಡ ಬರೆಯುವುದನ್ನು ಕಲಿಸಿದಳು. ಅವಳು ಎರಡು ಹೆಬ್ಬೆರಳಿನಲ್ಲಿ ಬರೆಯುತ್ತಾಳೆ. ನಾನು ಒಂದೇ ಬೆರಳಿನಲ್ಲಿ, ಇಂಜೆಕ್ಷನ್ ಕೊಡುವಾಗ ಜಾಗ ನೋಡಿಕೊಂಡಂತೆ ನೋಡಿಕೊಂಡು ಒತ್ತುತ್ತೇನೆ.

ನರ್ಸಿಂಗ್ ಕಲಿಯುವಾಗ ನಮಗೆ ಮೊದಲು ಬಾಯಿಪಾಠ ಮಾಡಿಸಿದ್ದು ಐದು ಮಾತು: ಸರಿಯಾದ ರೋಗಿ, ಸರಿಯಾದ ಔಷಧ, ಸರಿಯಾದ ಪ್ರಮಾಣ, ಸರಿಯಾದ ದಾರಿ (ಬಾಯಿಯೋ ಸೂಜಿಯೋ), ಸರಿಯಾದ ಹೊತ್ತು. ಮನೆಯಲ್ಲಿ ಲಿಂಗಪೂಜೆಗೆ ಕೂತಾಗ ಪಂಚಾಕ್ಷರಿಯ ಬದಲು ಒಮ್ಮೊಮ್ಮೆ ಇದೇ ಬಾಯಿಗೆ ಬಂದುಬಿಡುತ್ತಿತ್ತು. ಶಿವ ಏನೂ ಅನ್ನಲಿಲ್ಲ. ಅವನೂ ವಿಷದ ಪ್ರಮಾಣ ನೋಡಿಕೊಂಡೇ ಗಂಟಲಲ್ಲಿ ನಿಲ್ಲಿಸಿಕೊಂಡವನು.

ಐದರಲ್ಲಿ ಸುಲಭ ಅನ್ನಿಸುವುದು ಮೊದಲನೆಯದು. ಆದರೆ ಮೋಸ ಆಗುವುದೂ ಅಲ್ಲಿಯೇ. ನಮ್ಮ ಕಡೆಯ ಹೆಂಗಸರು ವಾರ್ಡಿಗೆ ಬಂದರೆ ಬಿಳಿ ಬಟ್ಟೆಯವರು ಏನು ಕೇಳಿದರೂ ಹೂಂ ಅನ್ನುತ್ತಾರೆ. ಒಂದೇ ಹೆಸರಿನವರು ಒಂದೇ ಸಾಲಿನಲ್ಲಿ ಮೂವರು ಮಲಗಿರುತ್ತಾರೆ. ಹೆಸರು ಹಿಡಿದು "ನೀವೇ ಏನ್ರಿ?" ಅಂತ ಕೇಳಿದರೆ ಬೇರೆ ಹೆಸರಿನವರೂ ಹೂಂ ಅನ್ನುತ್ತಾರೆ, ಪಾಪ, ಸಿಸ್ಟರು ಕೇಳಿದಾಗ ಇಲ್ಲ ಅನ್ನುವುದು ಹೇಗೆ ಅಂತ. ನಮ್ಮ ವಾರ್ಡಿನ ಹಿರಿಯ ಸಿಸ್ಟರು ಮೋಮಿನಪುರದವರು. ಒಂದು ದಿನ ನನ್ನ ಕೈಯಿಂದ ಗುಳಿಗೆಯ ತಟ್ಟೆ ತೆಗೆದುಕೊಂಡು ಹೇಳಿದರು: "ನಾಮ್ ಬೋಲ್‌ಕೆ ಮತ್ ಪೂಛೋ ಅಮ್ಮಾ, ನಾಮ್ ಪೂಛೋ." ಹೆಸರು ಹೇಳಿ ಕೇಳಬೇಡ, ಹೆಸರೇ ಕೇಳು ಅಂತ. ಉತ್ತರವನ್ನು ನಾವೇ ಅವರ ಬಾಯಿಗೆ ಇಟ್ಟು ಕೇಳಿದರೆ ಅದನ್ನೇ ವಾಪಸು ಕೊಡುತ್ತಾರೆ. ನಾನು ಕಲಿತ ಔಷಧಶಾಸ್ತ್ರದಲ್ಲಿ ಅರ್ಧ ಈ ಮಾತು.

ಅಕ್ಕನಿಗೆ ಗುಳಿಗೆ ಕೊಡುವುದು ಅವಳ ಸೊಸೆ. ಅವಳಿಗೆ ಕೆಲಸ ಕಲಿಸಿದ್ದು ನಾನು. ಸಂಜೆ ದೇವರ ಮುಂದೆ ದೀಪ ಹಚ್ಚಿದ ಕೂಡಲೇ ಗುಳಿಗೆ, ಗುಳಿಗೆಯ ಮೇಲೆ ನೀರು, ನೀರಿನ ಮೇಲೆ ಬಾಯಿ ತೆರೆಸಿ ನೋಡುವುದು. ನಾಲಿಗೆ ಎತ್ತಿಸಿ, ಗಲ್ಲದ ಒಳಮೈ ನೋಡಿ ಆಮೇಲೆಯೇ ಏಳಬೇಕು. ವಾರ್ಡಿನಲ್ಲಿ ಗುಳಿಗೆಯನ್ನು ಗಲ್ಲದಲ್ಲಿ ಅಡಗಿಸಿಟ್ಟು ನಾನು ಬೆನ್ನು ತಿರುಗಿಸಿದ ಮೇಲೆ ಕಿಟಕಿಯಿಂದ ಉಗುಳಿದ ಮುದುಕಿಯರನ್ನು ಬೇಕಾದಷ್ಟು ನೋಡಿದ್ದೇನೆ. ಅತ್ತೆಯ ಬಾಯಿ ತೆರೆಸುವ ಸೊಸೆ ಇಡೀ ಕಮಲಾಪುರದಲ್ಲಿ ಇವಳೊಬ್ಬಳೇ ಇರಬೇಕು. ಮಿಕ್ಕವರೆಲ್ಲ ಮುಚ್ಚಿಸುವುದು ಹೇಗೆಂದು ನೋಡುತ್ತಿರುತ್ತಾರೆ.

ಊಟದ ವಿಷಯದಲ್ಲಿ ಮಾತ್ರ ನನ್ನ ಪಾಠ ಯಾರಿಗೂ ಹತ್ತಲಿಲ್ಲ. ಹಸಿರು ಸೊಪ್ಪಿನಲ್ಲಿ ರಕ್ತವನ್ನು ಹೆಪ್ಪುಗಟ್ಟಿಸುವ ಸತ್ವ ಇರುತ್ತದೆ. ಗುಳಿಗೆ ಒಂದು ಕಡೆ ಎಳೆದರೆ ಸೊಪ್ಪು ಇನ್ನೊಂದು ಕಡೆ ಎಳೆಯುತ್ತದೆ. ಹಾಗಂತ ಸೊಪ್ಪು ತಿನ್ನಲೇಬಾರದು ಅಂತಲ್ಲ. ದಿನಾ ಒಂದೇ ಅಳತೆಯಲ್ಲಿ ತಿಂದರೆ ಗುಳಿಗೆಯ ಪ್ರಮಾಣವನ್ನು ಅದಕ್ಕೆ ಹೊಂದಿಸಬಹುದು. ಹೈದರಾಬಾದಿನವರು ಹೇಳಿ ಕಳಿಸಿದ್ದೂ ಇದನ್ನೇ. ಆದರೆ ಆ ಮಾತು ಹುಮನಾಬಾದ್ ದಾಟಿ ಕಮಲಾಪುರಕ್ಕೆ ಬರುವಷ್ಟರಲ್ಲಿ "ಸೊಪ್ಪು ವಿಷ" ಅಂತ ಆಗಿತ್ತು. ಓಣಿಯವರು ಕೆಂಪು ಬಾಳೆಹಣ್ಣನ್ನೂ ಅದರ ಜೊತೆ ಸೇರಿಸಿದರು, ಹಣ್ಣು ಕೆಂಪು, ರಕ್ತ ಕೆಂಪು ಎಂಬ ಲೆಕ್ಕದಲ್ಲಿ. ಸ್ವಂತ ಬಾಳೆ ತೋಟ ಇದ್ದ ಅಕ್ಕ ಬಾಳೆಹಣ್ಣು ಬಿಡಲು ಒಪ್ಪಲಿಲ್ಲ. ಸೊಪ್ಪು ತಿನ್ನುವುದನ್ನು ಮಾತ್ರ ಸೊಸೆ ನಿಲ್ಲಿಸಿದಳು. ಪುಂಡಿ ಪಲ್ಯ, ಮೆಂತೆ ಪಲ್ಯ, ಯಾವುದೂ ಅಕ್ಕನ ತಾಟಿಗೆ ಬರುತ್ತಿರಲಿಲ್ಲ. ಡಾಕ್ಟರು ಆ ಸೊಪ್ಪಿಲ್ಲದ ಊಟಕ್ಕೆ ಗುಳಿಗೆ ಹೊಂದಿಸಿದರು. ಅಂಕಿ ನಿಂತಿತು. ನಾನೂ ಸುಮ್ಮನಾದೆ.

ಈ ಸಲದ ಎಳ್ಳಮಾಸಿ, ಅಂದರೆ ಎಳ್ಳು ಅಮಾವಾಸ್ಯೆಯ ಹಬ್ಬ, ಕಳೆದು ವಾರವೂ ಆಗಿರಲಿಲ್ಲ. ಅಕ್ಕನ ಮಗ ಕಲಬುರಗಿಯ ನೆಹರು ಗಂಜ್ ಮಾರುಕಟ್ಟೆಗೆ ತೊಗರಿ ತಂದಿದ್ದ. ಬರುವಾಗ ತಾಯಿಯನ್ನೂ ಹೆಂಡತಿಯನ್ನೂ ಕರೆತಂದು ತಾಯಿಯ ರಕ್ತ ಪರೀಕ್ಷೆ ಮಾಡಿಸಿದ. ನನ್ನ ಮನೆಗೆ ಬಂದು ಸೊಸೆ ಕಟ್ಟಿಕೊಟ್ಟಿದ್ದ ಡಬ್ಬಿ ಕೊಟ್ಟು ಹೋದ. ಡಬ್ಬಿಯಲ್ಲಿ ಎಳ್ಳಮಾಸಿಯ ಭಜ್ಜಿ. ನಮ್ಮ ಕಡೆಯವರಿಗೆ ಇದನ್ನು ಹೇಳಬೇಕಿಲ್ಲ, ಬೇರೆ ಕಡೆಯವರಿಗೆ ಹೇಳುತ್ತೇನೆ: ಇದು ಎಣ್ಣೆಯಲ್ಲಿ ಕರಿದದ್ದಲ್ಲ. ಮೆಂತೆ, ಪಾಲಕ, ಕಡಲೆ ಸೊಪ್ಪು, ಉಳ್ಳಾಗಡ್ಡಿಯ ಎಲೆ, ಹಸಿ ತೊಗರಿ, ಅವರೆ, ಹೊಲದಲ್ಲಿ ಆ ಹೊತ್ತಿಗೆ ಹಸಿರಾಗಿರುವುದನ್ನೆಲ್ಲ ಕಡಲೆಹಿಟ್ಟು, ಮಜ್ಜಿಗೆ ಹಾಕಿ ಕುದಿಸಿದ್ದು. ಹೊಲಕ್ಕೆ ಹೋಗಿ ಭೂಮಿತಾಯಿಗೆ ಎಡೆಯಾಗಿ ಚರಗ ಚೆಲ್ಲಿ, ಸಜ್ಜೆ ರೊಟ್ಟಿಯ ಜೊತೆ ಉಣ್ಣುವುದು. ಒಂದು ದಿನಕ್ಕೆ ಮುಗಿಸುವ ಪದ್ಧತಿ ಇಲ್ಲ. ಕಾಸಿದಷ್ಟೂ ರುಚಿ. ಮನೆ ಮನೆಗೆ ಫ್ರಿಜ್ಜು ಬಂದ ಮೇಲಂತೂ ಭಜ್ಜಿಯ ಆಯುಷ್ಯ ಇನ್ನೂ ಹೆಚ್ಚಾಗಿದೆ.

ಮಧ್ಯಾಹ್ನ ರಿಪೋರ್ಟು ಬಂತು. ಅಂಕಿ ಒಂದೂವರೆ. ಮಗ ಫೋನ್ ಮಾಡಿ ಹೇಳಿದ: ಡಾಕ್ಟರು ಮೂರು ಪ್ರಶ್ನೆ ಕೇಳಿದರಂತೆ. ಗುಳಿಗೆ ತಪ್ಪಿದೆಯೇ? ಬೇರೆ ಔಷಧ ಏನಾದರೂ? ಊಟದಲ್ಲಿ ಬದಲಾವಣೆ? ಅಕ್ಕ ಮೂರಕ್ಕೂ ಇಲ್ಲ ಅಂದಳಂತೆ. ಹೆಪ್ಪು ಕಟ್ಟಬಾರದೆಂದು ಡಾಕ್ಟರು ಹೊಟ್ಟೆಗೆ ಕೊಡುವ ಇಂಜೆಕ್ಷನ್ ಬರೆದುಕೊಟ್ಟು, ಗುಳಿಗೆಯನ್ನು ಮರುದಿನ ಸಂಜೆಯಿಂದ ಹೆಚ್ಚಿಸಲು ಹೇಳಿದ್ದರು.

"ಚಿಗವ್ವ, ಈಕಿ ಗುಳಗಿ ತಪ್ಪಸ್ಯಾಳ. ಇಲ್ಲಂದ್ರ ಹ್ಯಾಂಗ ಇಳೀತದ?" ಅಂದ.

ಹೆಂಡತಿ ಪಕ್ಕದಲ್ಲೇ ಇದ್ದಳೆಂದು ಅವನ ದನಿಯ ಜೋರಿನಲ್ಲಿ ತಿಳಿಯಿತು. ಅಕ್ಕನೂ ಅಲ್ಲೇ ಇದ್ದಳು. ಅವಳದು ಒಂದು ಮಾತಿಲ್ಲ. ನಾಲ್ಕು ಜನರ ನಡುವೆ ಅಕ್ಕನ ಮಾತು ಕೇಳಿಸದಿದ್ದರೆ ಅಲ್ಲಿ ಏನೋ ಇದೆ ಅಂತಲೇ ಅರ್ಥ, ಆದರೆ ಆಗ ನನಗೆ ಹೊಳೆಯಲಿಲ್ಲ.

ಸ್ವಲ್ಪ ಹೊತ್ತಿಗೆ ಫೋನಿನಲ್ಲಿ ಸೊಸೆಯ ಬರಹ ಬಂತು. ಅತ್ತೆ, ಗಂಡ ಇಬ್ಬರೂ ಎದುರಿಗಿರುವಾಗ ಬಾಯಿಂದ ಹೇಳಲಾಗದ್ದನ್ನು ಬೆರಳಿನಿಂದ ಹೇಳಿದ್ದಳು. "ಸಣ್ಣತ್ತಿ, ನಾ ಒಂದು ದಿನಾನೂ ತಪ್ಪಿಸಿಲ್ರಿ. ಭಜ್ಜಿನೂ ಅತ್ತಿಗಿ ಹಾಕಿಲ್ಲ, ಅವರಿಗಿ ಬ್ಯಾರೆ ಬದನಿಕಾಯಿ ಮಾಡಿದ್ದೆ. ಇನ್ಮ್ಯಾಲ ಗುಳಗಿ ನೀ ಮುಟ್ಟಬ್ಯಾಡ, ನಾನೇ ಕೊಡ್ತೀನಿ ಅಂತ ಇವ್ರು ಅಂದಾರ."

ನಾನು ಒಂದು ಬೆರಳಿನಲ್ಲಿ "ನಂಬ್ತೀನಿ" ಅಂತ ಬರೆಯುವಷ್ಟರಲ್ಲಿ ಅವರು ಕಮಲಾಪುರ ಮುಟ್ಟಿದ್ದರು.

ಮರುದಿನ ಬೆಳಗ್ಗೆ ಭಜ್ಜಿ ಕಾಸಿಕೊಂಡು, ರೊಟ್ಟಿ ಮುರಿದು, ಎಡಗೈಯಲ್ಲಿ ಫೋನ್ ಹಿಡಿದು, ಅಕ್ಕನ ಮಗ ಕಳಿಸಿದ್ದ ರಿಪೋರ್ಟಿನ ಫೋಟೋ ಮತ್ತೆ ನೋಡುತ್ತಿದ್ದೆ. ಒಂದೂವರೆ. ಒಂದು ತುತ್ತು. ಒಂದೂವರೆ. ಇನ್ನೊಂದು ತುತ್ತು. ಸೊಸೆಯ ಕೈರುಚಿ ಒಳ್ಳೆಯದು. ಮೂರನೇ ತುತ್ತು ಎತ್ತಿದಾಗ ನನ್ನ ಕೈ ಅಲ್ಲೇ ನಿಂತಿತು. ಸೊಸೆ ಹಾಕಿಲ್ಲ ಎಂಬುದು ಖರೆ. ಆದರೆ ಎಳ್ಳಮಾಸಿಯ ದಿನ ಹೊಲದಲ್ಲಿ ಕೂತು, ಎಲ್ಲರೂ ಭಜ್ಜಿ ಉಣ್ಣುವಾಗ ನಮ್ಮಕ್ಕ ಬದನೆಕಾಯಿ ಉಂಡಳು ಅಂತ ನಾನು ನಂಬಬೇಕಾದರೆ ಬೇರೆ ತಾಯಿಯ ಹೊಟ್ಟೆಯಲ್ಲಿ ಹುಟ್ಟಿರಬೇಕಿತ್ತು. ಚಿಕ್ಕವರಿದ್ದಾಗ ನನ್ನ ತಾಟಿನ ಭಜ್ಜಿಯನ್ನು ಅವ್ವ ಆ ಕಡೆ ನೋಡಿದಾಗ ಎಳೆದುಕೊಂಡು ಉಂಡವಳು ಅವಳು.

ಅವಳು ಉಂಡಿದ್ದರೆ ವಿಷಯ ಸಣ್ಣದಲ್ಲ. ಭಜ್ಜಿಯಿಂದ ಅಂಕಿ ಇಳಿದಿದೆ. ಭಜ್ಜಿ ಇನ್ನೆರಡು ದಿನಕ್ಕೆ ಓಣಿಯಲ್ಲೆಲ್ಲ ಮುಗಿಯುತ್ತದೆ. ಹೆಚ್ಚಿಸಿದ ಗುಳಿಗೆ ಮಾತ್ರ ಮುಂದುವರಿಯುತ್ತದೆ. ಎದುರಿಗೆ ಎಳೆಯುವವರು ಕೈ ಬಿಟ್ಟರೆ ಹಗ್ಗ ಹಿಡಿದವನು ಹಿಂದಕ್ಕೆ ಬೀಳುವಂತೆ ಅಕ್ಕನ ರಕ್ತ ತೆಳುವಾಗುತ್ತಾ ಹೋಗುತ್ತದೆ. ಆ ಸಂಜೆಯಿಂದಲೇ ಹೊಸ ಪ್ರಮಾಣ.

ಫೋನಿನಲ್ಲಿ ಕೇಳಿದರೆ ಅಕ್ಕ ಇಲ್ಲ ಅನ್ನುತ್ತಾಳೆ. ಕೈ ತೊಳೆದು ಸೀರೆ ಬದಲಿಸಿ ಹುಮನಾಬಾದ್ ಕಡೆಯ ಬಸ್ಸು ಹತ್ತಿದೆ.

ಕಮಲಾಪುರದಲ್ಲಿ ಇಳಿದವಳು ಅಕ್ಕನ ಮನೆಗೆ ಹೋಗಲಿಲ್ಲ, ಎದುರು ಮನೆಗೆ ಹೋದೆ. ಆ ಮನೆಯ ಅಜ್ಜಿ ಅಕ್ಕನ ಓರಗೆಯವಳು, ಇಬ್ಬರೂ ಮಧ್ಯಾಹ್ನ ಒಂದೇ ಕಟ್ಟೆಯ ಮೇಲೆ ಊರ ಸುದ್ದಿ ಸೋಸುವವರು. ನಮ್ಮಕ್ಕ ಭಜ್ಜಿ ಉಂಡಾಳೇನು ಅಂತ ಕೇಳಿದ್ದರೆ ಅವಳೂ ಗೆಳತಿಯ ಕಡೆಯೇ ನಿಲ್ಲುತ್ತಿದ್ದಳು. ಮೋಮಿನಪುರದ ಸಿಸ್ಟರು ನೆನಪಾದರು. ಚಹಾ ಕುಡಿದು, ಮೊಣಕಾಲು ನೋವಿನ ಕತೆ ಪೂರ್ತಿ ಕೇಳಿ, ಕಪ್ಪು ಕೆಳಗಿಡುತ್ತಾ ಕೇಳಿದೆ:

"ಈ ವರ್ಷ ಯಾರ ಮನಿ ಭಜ್ಜಿ ಛಲೋ ಆಗಿತ್ತಂತ ನಮ್ಮಕ್ಕ ಅಂದ್ಳು?"

"ನಮ್ದೇರಿ, ಮತ್ತ ಯಾರ್ದು?" ಅಂದಳು ಅಜ್ಜಿ. "ಹಬ್ಬದ ಮರುದಿನದಿಂದ ದಿನಾ ಮಧ್ಯಾಹ್ನ ಬರ್ಲಾಕತ್ಯಾಳ. ಎರಡು ಸೌಟು ಹಾಕಿದ್ರ ಮತ್ತ ತಾಟು ಮುಂದ ಮಾಡ್ತಾಳ. ಪಾಪ ಸಿಸ್ಟರಮ್ಮ, ಸೊಸಿ ಹಾಕಂಗಿಲ್ಲಂತ. ವಯಸ್ಸಾದ ಜೀವಕ್ಕ ಹಬ್ಬದಾಗೂ ಬದನಿಕಾಯಿ ಬಡಸ್ತಾಳಂತ. ನೀವರ ಒಂದು ಮಾತು ಹೇಳ್ರಿ ಆಕಿಗಿ."

ಹೇಳುತ್ತೇನೆ ಅಂದೆ. ಉಳಿದದ್ದು ಇದ್ದರೆ ಒಂದು ಬಟ್ಟಲು ಕೊಡು ಅಂದೆ. ಖುಷಿಯಿಂದ ಕೊಟ್ಟಳು.

ಅಕ್ಕ ಅಂಗಳದ ಬಿಸಿಲಿನಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಮಗ ಮೋಟರ್ ಸೈಕಲ್ ಒರೆಸುತ್ತಿದ್ದ. ಸೊಸೆ ಒಳಗೆ ರೊಟ್ಟಿ ಬಡಿಯುತ್ತಿದ್ದಳು, ಸದ್ದಿನಲ್ಲೇ ಸಿಟ್ಟು ಕೇಳಿಸುತ್ತಿತ್ತು. ನಾನು ಏನೂ ಹೇಳದೆ ಬಟ್ಟಲನ್ನು ಅಕ್ಕನ ಮುಂದಿಟ್ಟೆ.

"ಎದುರಮನಿಯಾಕಿ ಕಳಸ್ಯಾಳ. ಇನ್ನ ಇಷ್ಟೇ ಉಳಿದದಂತ."

ಅಕ್ಕ ಬಟ್ಟಲು ನೋಡಿದಳು, ನನ್ನನ್ನು ನೋಡಿದಳು, ಅಡುಗೆಮನೆಯ ಬಾಗಿಲು ನೋಡಿದಳು. ರೊಟ್ಟಿಯ ಸದ್ದು ನಿಂತಿತ್ತು. ತಪ್ಪಿಸಿಕೊಳ್ಳುವ ದಾರಿ ಇಲ್ಲ ಅಂತ ಗೊತ್ತಾದಾಗ ಅಕ್ಕ ಯಾವಾಗಲೂ ಮೇಲೆ ಏರಿ ಬರುತ್ತಾಳೆ.

"ಹಬ್ಬದ್ದು ಲೆಕ್ಕಕ್ಕ ಬರ್ತದೇನ? ಭೂಮಿತಾಯಿಗಿ ಚರಗಾ ಚೆಲ್ಲಿ ಉಂಡಿದ್ದು ಯಾರಿಗಿ ಕೆಟ್ಟ ಮಾಡ್ತದ?"

"ಭೂಮಿತಾಯಿಗಿ ಕವಾಟ ಹಾಕಿಲ್ಲಕ್ಕ. ನಿನಗ ಹಾಕ್ಯಾರ."

ಡಾಕ್ಟರ ಮುಂದೆ ಯಾಕೆ ಹೇಳಲಿಲ್ಲ ಅಂತ ಮಗ ಕೇಳಿದ. ಅದಕ್ಕೂ ಅವಳ ಹತ್ತಿರ ಜವಾಬು ಇತ್ತು. ಊಟದಲ್ಲಿ ಬದಲು ಇದೆಯೇ ಅಂತ ಕೇಳಿದರು, ಹುಟ್ಟಿದಾಗಿನಿಂದ ಎಳ್ಳಮಾಸಿಗೆ ಭಜ್ಜಿ ಉಣ್ಣುವವಳು ನಾನು, ಉಣ್ಣದೆ ಬಿಟ್ಟಿದ್ದರೆ ಅದು ಬದಲು ಅಂದಳು. ಹಿಂದಿನ ವರ್ಷಗಳಲ್ಲೂ ಹೀಗೇ ಎದುರು ಮನೆಯಲ್ಲಿ ಉಂಡಿದ್ದಳೆಂದು ಆಗ ಹೊರಗೆ ಬಂತು. ಆಗೆಲ್ಲ ಪರೀಕ್ಷೆಯ ದಿನ ಹಬ್ಬದಿಂದ ದೂರ ಬೀಳುತ್ತಿತ್ತು. ಅಂಕಿ ಇಳಿದದ್ದೂ ಮತ್ತೆ ಏರಿದ್ದೂ ಯಾರಿಗೂ ಕಾಣಲಿಲ್ಲ. ಲಕ್ವ ಹೊಡೆಯದೆ ಉಳಿದದ್ದು ನಸೀಬು. ಈ ಸಲ ಮಗ ತೊಗರಿಯ ನೆಪದಲ್ಲಿ ಬೇಗ ಕರೆದುಕೊಂಡು ಬಂದದ್ದರಿಂದ ಸಿಕ್ಕಿಬಿದ್ದಳು.

ನಾನು ದನಿ ಇಳಿಸಿ ಹೇಳಿದೆ, "ಭಜ್ಜಿ ನೀ ಉಂಡಿ. ಬೈಗಳ ಆಕಿ ಉಂಡ್ಳು. ಆಗ ನೀ ಬಾಜೂಕ ಕುಂತಿದ್ದಿ."

ಅಕ್ಕ ಮತ್ತೆ ಅವರೆಕಾಯಿ ಸುಲಿಯತೊಡಗಿದಳು. ಸುಲಿದ ಕಾಳು ಸಿಪ್ಪೆಯಲ್ಲಿ ಬಿತ್ತು, ಸಿಪ್ಪೆ ಕಾಳಿನಲ್ಲಿ ಬಿತ್ತು. ಅಂಗಳ ಎಷ್ಟು ಸುಮ್ಮನಾಯಿತೆಂದರೆ ಟಿಕ್ ಟಿಕ್ ಎನ್ನುವುದು ನನ್ನ ತನಕ ಕೇಳಿಸಿತು. ಮಗ ಒರೆಸಿದ ಸೀಟನ್ನೇ ಮತ್ತೆ ಒರೆಸಿದ.

ಅಲ್ಲಿಂದಲೇ ಡಾಕ್ಟರಿಗೆ ಫೋನ್ ಮಾಡಿದೆ. ಅವರು ಭಜ್ಜಿ ಗೊತ್ತಿರುವ ಊರಿನವರೇ. ಎಷ್ಟು ದಿನ, ದಿನಕ್ಕೆ ಎಷ್ಟು ಅಂತ ಕೇಳಿ, ಎಳ್ಳಮಾಸಿ ಮುಗಿದ ವಾರ ತಾವೇ ಭಜ್ಜಿಯ ಹೆಸರು ಹಿಡಿದು ಕೇಳಬೇಕಿತ್ತು ಅಂದರು. ಗುಳಿಗೆ ಹೆಚ್ಚಿಸುವುದು ಬೇಡ, ಹಳೆಯ ಪ್ರಮಾಣವೇ ಇರಲಿ. ಅಂಕಿ ಹದಕ್ಕೆ ಬರುವ ತನಕ ಇಂಜೆಕ್ಷನ್ ತಪ್ಪಬಾರದು, ಮೂರು ದಿನಕ್ಕೆ ಮತ್ತೆ ಪರೀಕ್ಷೆ. ಮಾತು ಎಡವುತ್ತಿದೆ, ಕೈಕಾಲು ಜೋಮು ಹಿಡಿಯುತ್ತಿದೆ ಅನ್ನಿಸಿದರೆ ಆ ಕ್ಷಣವೇ ಕಲಬುರಗಿಗೆ ಹೊರಡಬೇಕು. ನಾನು ಒಂದೊಂದನ್ನೂ ತಿರುಗಿ ಹೇಳಿ ಒಪ್ಪಿಸಿದೆ. ಫೋನಿನಲ್ಲಿ ಔಷಧದ ಮಾತು ಕೇಳಿಸಿಕೊಂಡರೆ ತಿರುಗಿ ಹೇಳಿ ಹೌದು ಅನ್ನಿಸಿಕೊಳ್ಳುವುದು ನಮ್ಮ ವಾರ್ಡಿನ ರೂಢಿ. ನಿವೃತ್ತಿಯಾದರೂ ರೂಢಿ ಹೋಗಿಲ್ಲ.

ಆ ದಿನದ ಇಂಜೆಕ್ಷನ್ ನಾನೇ ಕೊಟ್ಟೆ. ಹೊಟ್ಟೆಯ ಚರ್ಮ ಎರಡು ಬೆರಳಿನಲ್ಲಿ ಮಡಚಿ ಹಿಡಿದಾಗ ಅಕ್ಕ ಅಂದಳು, "ಸಾವಕಾಶ ಚುಚ್ಚ, ನಾ ನಿನ್ನ ಅಕ್ಕ ಇದೀನಿ."

"ಅದು ಗೊತ್ತಿದ್ದೇ ಚುಚ್ಚಲಾಕತ್ತೀನಿ. ಸಣ್ಣಾಕಿದ್ದಾಗ ನನ್ನ ತಾಟಿನ ಭಜ್ಜಿ ಎಲ್ಲಿ ಹೋಗ್ತಿತ್ತು?"

ಚುಚ್ಚಿದ ಜಾಗ ಉಜ್ಜಬೇಡ ಅಂದರೆ ಉಜ್ಜಲು ಹೋದಳು. ಸೊಸೆ ಬಂದು ಕೈ ಹಿಡಿದಳು.

ಸಂಜೆ ದೀಪ ಹಚ್ಚಿದ ಮೇಲೆ ಗುಳಿಗೆಯ ಹೊತ್ತು ಬಂತು. ಮಗ ಹಿಂದಿನ ದಿನ ಗುಳಿಗೆಯ ಡಬ್ಬಿಯನ್ನು ತನ್ನ ಕಪಾಟಿನಲ್ಲಿ ಇಟ್ಟುಕೊಂಡಿದ್ದ. ಎದ್ದು ಹೋಗಿ ತಂದು, ಹೆಂಡತಿಯ ಮುಂದೆ ಹಿಡಿದು, ಇದರಲ್ಲಿ ಯಾವ ಗುಳಿಗೆ ಕೊಡಬೇಕು, ನೀನೇ ನೋಡು ಅಂದ. ಅವನ ಬಾಯಿಂದ ಬಂದ ಕ್ಷಮೆ ಅಷ್ಟೇ. ಸೊಸೆ ಡಬ್ಬಿ ತೆಗೆದುಕೊಂಡಳು. ಪಟ್ಟಿಯ ಹಿಂದಿನ ಬರಹ ಓದಿದಳು, ಹಳೆಯ ಪ್ರಮಾಣದ ಗುಳಿಗೆ ಬಿಡಿಸಿ ಅಂಗೈಯಲ್ಲಿಟ್ಟು ನನಗೆ ತೋರಿಸಿದಳು. ನಾನು ತಲೆ ಆಡಿಸಿದೆ. ಅತ್ತೆಗೆ ಕೊಟ್ಟು, ನೀರು ಕೊಟ್ಟು ಎದ್ದಳು. ಬಾಯಿ ತೆರೆಯಿರಿ ಅಂತ ಆ ದಿನ ಅನ್ನಲಿಲ್ಲ. ಸಿಟ್ಟು ಇನ್ನೂ ಇತ್ತು, ಇರಬೇಕಾದ್ದೇ.

"ಏ, ನಿಲ್ಲ," ಅಂದಳು ಅಕ್ಕ.

ಸೊಸೆ ತಿರುಗಿ ನೋಡಿದಳು. ಅಕ್ಕ ದೀಪದ ಕಡೆ ಮುಖ ಮಾಡಿ ಬಾಯಿ ದೊಡ್ಡದಾಗಿ ತೆರೆದು, ನಾಲಿಗೆ ಎತ್ತಿ, ಗಲ್ಲವನ್ನು ಬೆರಳಿನಿಂದ ಈ ಕಡೆ ಒಮ್ಮೆ ಆ ಕಡೆ ಒಮ್ಮೆ ಎಳೆದು ತೋರಿಸಿದಳು. ಸೊಸೆ ಬಗ್ಗಿ ನೋಡಿದಳು, ದಿನಾ ನೋಡುವುದಕ್ಕಿಂತ ಸ್ವಲ್ಪ ಹೆಚ್ಚು ಹೊತ್ತೇ ನೋಡಿದಳು.

"ಆತು, ಮುಚ್ಚರಿ ಅತ್ತಿ," ಅಂದಳು.

ಮೂರು ದಿನದ ಪರೀಕ್ಷೆಯಲ್ಲಿ ಅಂಕಿ ಏರತೊಡಗಿತ್ತು. ಆಮೇಲಿನ ಪರೀಕ್ಷೆಯಲ್ಲಿ ಹದಕ್ಕೆ ಬಂದು ನಿಂತಿತು, ಇಂಜೆಕ್ಷನ್ ನಿಂತಿತು. ಆಮೇಲೆ ಡಾಕ್ಟರನ್ನು ಕೇಳಿ ಅಕ್ಕನ ಊಟಕ್ಕೆ ಸೊಪ್ಪು ಸೇರಿಸಿದೆವು. ದಿನಾ ಒಂದೇ ಬಟ್ಟಲು, ಸಣ್ಣದು. ಸೊಪ್ಪು ಸೇರಿಸಿದ ಮೇಲೆ ಕೆಲವು ವಾರ ಪರೀಕ್ಷೆ ಬೇಗ ಬೇಗ ಮಾಡಿಸಿ ಗುಳಿಗೆಯನ್ನು ಅದಕ್ಕೆ ಹೊಂದಿಸಿದರು. ಮುಂದಿನ ಎಳ್ಳಮಾಸಿಗೆ ಅದೇ ಬಟ್ಟಲಿನಲ್ಲಿ ಭಜ್ಜಿ, ಒಂದೇ ಬಟ್ಟಲು, ಸೊಸೆಯ ಕೈಯಿಂದ ಅಂತ ಮಾತಾಗಿದೆ. ಎದುರು ಮನೆಯ ಅಜ್ಜಿಗೆ ಸೊಸೆಯೇ ಹೋಗಿ ಎಲ್ಲ ತಿಳಿಸಿದಳು. ಆ ಅಜ್ಜಿ ಈಗ ಅಕ್ಕ ಕಟ್ಟೆ ಹತ್ತಿದರೆ ಚಹಾ ಬಿಟ್ಟು ಬೇರೇನೂ ಕೊಡುವುದಿಲ್ಲ. ದಿನಾ ತಾಟಿಗೆ ಬರುವ ಪಲ್ಯವನ್ನು ಅಕ್ಕ ಅರ್ಧಕ್ಕೇ ಬಿಡಲು ನೋಡುತ್ತಾಳೆ, ಕದ್ದು ಉಂಡ ರುಚಿ ಇದರಲ್ಲಿ ಇಲ್ಲವಂತೆ. ಬಿಡಲು ಸೊಸೆ ಬಿಡುವುದಿಲ್ಲ.

ಹೋದ ವಾರ ಕಮಲಾಪುರಕ್ಕೆ ಹೋಗಿ ಒಂದು ರಾತ್ರಿ ಉಳಿದಿದ್ದೆ. ಬೆಳಗ್ಗೆ ಚಹಾದ ಜೊತೆ ನನ್ನ ಬಿಪಿ ಗುಳಿಗೆ ಬಾಯಿಗೆ ಹಾಕಿಕೊಂಡು ನೀರು ಕುಡಿದೆ. ತಲೆ ಎತ್ತಿದರೆ ಸೊಸೆ ಎದುರಿಗೆ ನಿಂತಿದ್ದಾಳೆ, ಅವಳ ಹಿಂದೆ ಅಕ್ಕ ಬಾಯಿಗೆ ಸೆರಗು ಹಿಡಿದುಕೊಂಡು ನಿಂತಿದ್ದಾಳೆ.

"ಸಣ್ಣತ್ತಿ, ನಿಮ್ದೂ ತೆರೀರಿ," ಅಂದಳು ಸೊಸೆ.

ತೆರೆದೆ. ನಾಲಿಗೆಯನ್ನೂ ಎತ್ತಿದೆ. ಕಲಿಸಿದವಳು ನಾನೇ, ಇನ್ನೇನು ಮಾಡಲಿ.